ಬಾಗಿಲಿಗೆ ಇಟ್ಟ ಮುಳ್ಳುಕಂಟಿ

ಅಕ್ಕೋರು ತೀರಿಕೊಂಡ ಹದಿನೈದು ದಿನಕ್ಕೆ ಯಾದಗಿರಿಯ ನಮ್ಮ ಹಳೆಯ ಕಚೇರಿಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ಅವರನ್ನು ಒಮ್ಮೆಯೂ ಕಂಡಿರದ ಹೊಸ ಅಧಿಕಾರಿಯೊಬ್ಬರು ಭಾಷಣ ಮಾಡಿದರು. "ಅವರಿಗೆ ತಮ್ಮವರು ಅಂತ ಯಾರೂ ಇರಲಿಲ್ಲ. ಮಕ್ಕಳ ಸೇವೆಯೇ ಅವರ ಕುಟುಂಬವಾಗಿತ್ತು" ಎಂದರು. ಯಾರೋ ಚಪ್ಪಾಳೆ ತಟ್ಟಿ, ಇದು ಸಂತಾಪ ಸಭೆ ಎಂಬುದು ನೆನಪಾಗಿ, ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಎರಡು ಮಾತು ಹೇಳೋಣವೆಂದರೆ ಈ ಮೊಣಕಾಲು ಕೇಳಬೇಕಲ್ಲ. ನಾನು ಏಳುವಷ್ಟರಲ್ಲಿ ವಂದನಾರ್ಪಣೆ ಮುಗಿದು ಚಹಾ ಬಂದಿತ್ತು.

ಆದ್ದರಿಂದ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಕಡತದಲ್ಲಿ ಅವರ ಹೆಸರು ಎರಡು ಸಲ ಬಂದರೆ, "ಇದು ಕೂಸಿನ ಮಿಸಲ್ ಏನ್ರಿ, ನಂದೋ?" ಎಂದು ಕೇಳುತ್ತಿದ್ದರು. ನಮ್ಮ ಕಡೆ ಓದು ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುತ್ತಾರೆ. ಇವರು ಯಾವ ಶಾಲೆಯಲ್ಲೂ ಕಲಿಸಲಿಲ್ಲ. ಆದರೂ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಎಲ್ಲರಿಗೂ ಅಕ್ಕೋರೇ ಆಗಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಏಕೀಕರಣವಾದ ಮರುವರ್ಷ. ಕಚೇರಿ ಆಗ ಗೊಂದಲದ ಗೂಡಾಗಿತ್ತು. ಕಪಾಟುಗಳ ತುಂಬ ನಿಜಾಮರ ಕಾಲದ ಉರ್ದು ಕಡತಗಳು, ಮೇಜಿನ ಮೇಲೆ ಮೈಸೂರಿನಿಂದ ಬಂದ ಕನ್ನಡ ನಮೂನೆಗಳು. ಎರಡೂ ಬಲ್ಲವನು ನಾನೊಬ್ಬನೇ ಗುಮಾಸ್ತ. ಅಕ್ಷರ ಬೇರೆ ಮುತ್ತಿನಂತಿದ್ದವು, ಹಾಗೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಸಾಹೇಬರು ಮೈಸೂರು ಸೀಮೆಯವರು, ಮೃದು ಮಾತಿನವರು. ನಮ್ಮ ಜನ "ಯಾಕ್ರಿ, ಏನಾಗಬೇಕು?" ಎಂದು ವಿಚಾರಿಸಿಕೊಂಡರೆ ಜಗಳಕ್ಕೇ ಬಂದರೆಂದು ತಿಳಿದು ಸಾಹೇಬರು ಕುರ್ಚಿಯಲ್ಲಿ ಹಿಂದೆ ಸರಿಯುತ್ತಿದ್ದರು.

ತಂದೆತಾಯಿ ಇಲ್ಲದ, ಇದ್ದೂ ಪೆಟ್ಟು ತಿನ್ನುವ, ರೈಲು ನಿಲ್ದಾಣದಲ್ಲಿ ಸಿಕ್ಕ ಮಕ್ಕಳ ವಿಚಾರ ನೋಡಿಕೊಳ್ಳುವುದು ಅಕ್ಕೋರ ಕೆಲಸ. ವಯಸ್ಸು ನಲವತ್ತರ ಹತ್ತಿರ. ಒಣಕಲು ಮೈ, ದೊಡ್ಡ ಹೆಜ್ಜೆ. ಹೆಗಲ ಮೇಲೆ ಯಾವಾಗಲೂ ಒಂದು ಕರಿ ಕಂಬಳಿ, ಚಳಿಗಾಲಕ್ಕೂ ಅದೇ, ಯಾದಗಿರಿಯ ಬೇಸಿಗೆಗೂ ಅದೇ. ಸೊಂಟದಲ್ಲಿ ನಶ್ಯದ ಡಬ್ಬಿ. ಹೆಂಗಸರು ನಶ್ಯ ಏರಿಸುವುದನ್ನು ನಮ್ಮ ಸಾಹೇಬರು ಹುಟ್ಟಿದಾರಭ್ಯ ನೋಡಿರಲಿಲ್ಲ. ಅಕ್ಕೋರು ಅವರ ಎದುರಿಗೇ ಒಂದು ಚಿಟಿಕೆ ಏರಿಸಿ, ಸೀನಿ, "ಹಾಂ, ಈಗ ತಲಿ ಸಾಫ್ ಆತು. ಹೇಳ್ರಿ ಸಾಹೇಬ್ರ" ಎನ್ನುತ್ತಿದ್ದರು. ಸಾಹೇಬರು ಪಾಪ, ಹೇಳಬೇಕಾದ್ದನ್ನು ಮರೆಯುತ್ತಿದ್ದರು.

ಮಾಳವ್ವನ ಪ್ರಕರಣ ಬಂದದ್ದು ಅದೇ ವರ್ಷದ ಸುಗ್ಗಿ ಮುಗಿದ ಮೇಲೆ. ಏಳು ವರ್ಷದ ಕೂಸು. ಯಾದಗಿರಿ ನಿಲ್ದಾಣದಲ್ಲಿ ಹಳಿಯ ಪಕ್ಕ ಒಬ್ಬಳೇ ನಡೆದು ಹೋಗುತ್ತಿದ್ದಳಂತೆ. ಹಣೆಯ ಮೇಲೆ ಹರಿದ ಗಾಯ, ಬೆನ್ನ ಮೇಲೆ ಬಾಸುಂಡೆ. ಪೊಲೀಸರು ತಂದು ನಮ್ಮ ಕಚೇರಿಗೆ ಒಪ್ಪಿಸಿದರು. ಅಕ್ಕೋರು ಅವಳನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಊರು ಕೊಂಕಲ್ ಎಂದು ಗೊತ್ತಾದ ಮೇಲೆ ವಿಚಾರಣೆಗೆ ನನ್ನನ್ನು ಕಳಿಸಿದರು.

ನಾನು ಪಟವಾರಿಯ ಜೊತೆ ಕೊಂಕಲ್ಲಿಗೆ ಹೋಗಿ ನೋಡಿದ್ದು ಇಷ್ಟು. ಅವರದು ಕುರುಬರ ಮನೆ. ತಾಯಿ ಹೋದ ಮಳೆಗಾಲದಲ್ಲಿ ಜ್ವರದಿಂದ ಸತ್ತಿದ್ದಳು. ತಂದೆಗೆ ಒಂದು ಕಾಲು ಊನ. ಸೇಂದಿ ಕುಡಿದು ಗುಡಿಸಲ ಮುಂದೆ ಬಿದ್ದಿದ್ದ. ಎಬ್ಬಿಸಿ ಕೇಳಿದರೆ, "ಹೌದು, ಹೊಡದೇನಿ. ಏನೀಗ?" ಎಂದ. ಪಕ್ಕದಲ್ಲೇ ಅವರದೇ ಕುಲದ ಮೂರು ಮನೆಗಳಿದ್ದವು. ಒಂದರಲ್ಲೂ ನರಪಿಳ್ಳೆ ಇರಲಿಲ್ಲ. ಬಾಗಿಲುಗಳಿಗೆ ಅಡ್ಡವಾಗಿ ಒಣಗಿದ ಜಾಲಿ ಮುಳ್ಳಿನ ಕಂಟಿ ಬಿದ್ದಿದ್ದವು. ಹಾಳು ಬಿದ್ದ ಮನೆಗಳು ಎಂದುಕೊಂಡೆ. ಬಿಸಿಲು ನೆತ್ತಿಗೇರಿತ್ತು, ಪಟವಾರಿಗೂ ಊಟದ ಹೊತ್ತು. ವಾಪಸು ಬಂದು ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ: ತಂದೆ ಯೋಗ್ಯನಲ್ಲ, ಬೇರೆ ಸಂಬಂಧಿಕರಿಲ್ಲ. ಮೇಲೆ ಹಳೆಯ ರೂಢಿಯಂತೆ ಒಂದೇ ಪದ ಹಾಕಿದೆ, ಲಾವಾರಿಸ್. ವಾರಸುದಾರರಿಲ್ಲದ ಮಗು ಎಂದರ್ಥ.

ಆ ಒಂದು ಪದ ಸಾಕಾಗಿತ್ತು. ಸಾಹೇಬರು ಅಂದೇ ಆದೇಶ ತಯಾರಿಸಿದರು. ದಕ್ಷಿಣದ ದೂರದ ಊರಿನ ಮಕ್ಕಳ ಆಶ್ರಮಕ್ಕೆ ಸೋಮವಾರದ ರೈಲಿನಲ್ಲಿ ಒಬ್ಬ ಪೇದೆಯ ಜೊತೆ ಕಳಿಸುವುದು. ಅಲ್ಲಿಗೆ ಹೋದ ಮಕ್ಕಳು ಮತ್ತೆ ಈ ಕಡೆ ಬಂದದ್ದು ನಾನಂತೂ ಕಂಡಿಲ್ಲ. ಅಂದು ಗುರುವಾರ.

ಅಕ್ಕೋರು ನನ್ನ ವರದಿ ಓದಿ ಕಡತ ಮುಚ್ಚಿದರು. ಬೈಯಲಿಲ್ಲ. "ಬರ್ರಿ, ಕೂಸಿನ್ನ ಮಾತಾಡಸೋಣು" ಎಂದರು.

ಮಕ್ಕಳನ್ನು ಅವರು ಮಾತಾಡಿಸುವ ರೀತಿ ಬೇರೆಯೇ ಇತ್ತು. ನಾವೆಲ್ಲ ಅಪ್ಪನ ಹೆಸರೇನು, ಅವ್ವನ ಹೆಸರೇನು ಎಂದು ಶುರು ಮಾಡಿದರೆ ಅವರು ಹಾಗೆ ಕೇಳುತ್ತಲೇ ಇರಲಿಲ್ಲ. ಹುರಿದ ಶೇಂಗಾ ಸುಲಿದು ಮಾಳವ್ವನ ಕೈಗೆ ಹಾಕುತ್ತ ಕೇಳಿದರು:

"ನಿನ್ನ ತಲಿ ಯಾರವಾ ಬಾಚತಿದ್ರು?"

"ಆಯಿ." ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

"ಜ್ವರ ಬಂದಾಗ ಯಾರ ಮಗ್ಗಲಕ ಮಲಗತಿದ್ದಿ?"

"ಆಯಿ ಮಗ್ಗಲಕ."

"ಕಿವಿ ಚುಚ್ಚಸುವಾಗ ಯಾರ ತೊಡಿ ಮ್ಯಾಲ ಕುಂತಿದ್ದಿ?"

ಕೂಸು ಮೊದಲ ಸಲ ಸ್ವಲ್ಪ ನಕ್ಕಿತು. "ಮಾಮಾನ ತೊಡಿ ಮ್ಯಾಲ. ರಾಮಸಮುದ್ರದ ಮಾಮಾ. ನಾ ಅಂವನ ಕೈ ಕಡದಿದ್ದೆ."

"ಆಯಿ ಎಲ್ಲಿ ಹೋಗ್ಯಾಳ ಈಗ?"

"ಕುರಿ ಸಂಗಾಟ ಹೋಗ್ಯಾಳ. ದೊಡ್ಡಪ್ಪನೂ ಹೋಗ್ಯಾನ. ಎಲ್ಲಾರೂ ಹೋಗ್ಯಾರ."

"ಮತ್ತ ನೀ ಸ್ಟೇಷನ್ನಿಗಿ ಯಾಕ ಬಂದಿದ್ದಿ?"

"ಆಯಿನ್ನ ಹುಡುಕಾಕ" ಎಂದಳು. ಕುರಿಗಳು ಹಳಿ ದಾಟಿ ಹೋಗುತ್ತವೆಂದು ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ಹಳಿ ಹಿಡಿದು ನಡೆದಿದ್ದಳು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಗುಮಾಸ್ತನ ಹಟ ನೋಡಿ. "ನಾ ಕಣ್ಣಾರೆ ನೋಡೇನ್ರಿ ಅಕ್ಕೋರ, ಮೂರೂ ಮನಿ ಹಾಳು ಬಿದ್ದಾವ. ಬಾಗಲಕ್ಕ ಮುಳ್ಳಕಂಟಿ ಬಿದ್ದಾವ" ಎಂದೆ.

ಅಕ್ಕೋರು ನಶ್ಯದ ಡಬ್ಬಿ ಅರ್ಧ ತೆರೆದವರು ಹಾಗೇ ನಿಂತರು. "ಕಂಟಿ ಬಿದ್ದಿತ್ತೋ, ಇಟ್ಟಿದ್ರೋ?"

"ಅಡ್ಡ ಇಟ್ಟಿದ್ರು."

"ಅಲ್ರೀ ಶಾಣ್ಯಾರ, ಹಾಳು ಮನಿಗಿ ಯಾರು ಕಂಟಿ ಹಚ್ಚತಾರ? ನಾಯಿ ಹೋಗಬಾರದು, ದನ ನುಗ್ಗಬಾರದು ಅಂತ ಹಚ್ಚ್ಯಾರ. ಯಾಕ? ತಿರಗಿ ಬಂದು ಅದೇ ಮನ್ಯಾಗ ಬಾಳೇವು ಮಾಡೋರದಾರ ಅಂತ. ಇಲ್ಲ ಅನ್ನೂದು ಬ್ಯಾರೆ, ಇನ್ನಾ ಬಂದಿಲ್ಲ ಅನ್ನೂದು ಬ್ಯಾರೆ ರೀ."

ನಾನು ಶಹಾಪುರದ ಅಂಗಡಿಕಾರರ ಮಗ. ನಮ್ಮ ಅಜ್ಜನ ಅಜ್ಜನೂ ಅದೇ ಗಾದಿಯ ಮೇಲೆ ಕೂತು ಉಪ್ಪು ತೂಗಿದವನು. ಮನೆ ಎಂದರೆ ಜನ ಅದರೊಳಗೇ ಇರಬೇಕು, ಇಲ್ಲದಿದ್ದರೆ ಅದು ಮನೆಯಲ್ಲ ಎಂದೇ ತಿಳಿದು ಬೆಳೆದವನು. ಸುಗ್ಗಿ ಮುಗಿಯುತ್ತಲೇ ಕುರುಬರು ಮಂದೆ ಹೊಡೆದುಕೊಂಡು ಹೋಗುತ್ತಾರೆ, ಮಳೆ ಬೀಳುವಾಗ ಮರಳುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ನಮೂನೆ ತುಂಬುವಾಗ ಅದು ನೆನಪಿಗೆ ಬರಲಿಲ್ಲ, ಅಷ್ಟೆ.

ಸಾಹೇಬರು ಕೆಟ್ಟವರೇನಲ್ಲ. "ಮಗುವಿನ ಹಿತಕ್ಕೇ ತಾನೆ ಕಳಿಸ್ತಿರೋದು? ಹೊಡೆಯೋ ಮನೆಗೆ ವಾಪಸ್ ಹೇಗೆ ಬಿಡೋಕಾಗುತ್ತೆ?" ಎಂದರು. ಅಕ್ಕೋರು, "ಹೊಡಿಯೋ ಮನಿಗಿ ನಾನೂ ಬಿಡಾಂಗಿಲ್ರಿ. ಆದ್ರ ಆ ಕೂಸಿಗಿ ಒಂದೇ ಮನಿ ಅಂತ ಯಾರು ಹೇಳಿದ್ರು?" ಎಂದರು. ಕೊನೆಗೆ ಸೋಮವಾರ ಬೆಳಗಿನ ರೈಲಿನ ತನಕ ಅವಕಾಶ ಸಿಕ್ಕಿತು. ಆಗಲಿಲ್ಲವೆಂದರೆ ಕೂಸು ರೈಲು ಹತ್ತಬೇಕು.

ಅಕ್ಕೋರು ರಾಮಸಮುದ್ರದ ಮಾವನಿಗೆ, ಭಾನುವಾರ ಮೊದಲ ಬಸ್ಸಿಗೆ ಶಹಾಪುರಕ್ಕೆ ಬಾ ಎಂದು ಹೇಳಿ ಕಳಿಸಿದರು. ಪಟವಾರಿಯ ಮೂಲಕ ತಂದೆಗೂ ಹೇಳಿ ಕಳಿಸಿದರು. ನನಗೆ ಅದು ಸೇರಲಿಲ್ಲ.

"ಹೊಡದಾಂವನ್ನೂ ಕರೀಬೇಕೇನ್ರಿ?"

"ಅಂವನ್ನ ಬಿಟ್ಟು ಮಾಡಿದ ಠರಾವು ನಾಳಿ ಮುರಿಯಾಂವ ಅಂವನ ರೀ. ಬರ್ಲಿ. ಕುಡದು ಬಂದ್ರ ಹಿಂದಕ್ಕ ಕಳಸೋಣು."

ಶುಕ್ರವಾರ ಕೂಸನ್ನು ಕರೆದುಕೊಂಡು ನಾವಿಬ್ಬರೂ ಶಹಾಪುರದ ಬಸ್ಸು ಹತ್ತಿದೆವು. ಸುಗ್ಗಿಯ ಮೇಲೆ ಮಂದೆಗಳು ಕೃಷ್ಣೆಯ ಕಡೆ ಇಳಿಯುತ್ತವೆಂಬುದಷ್ಟೇ ಗೊತ್ತಿತ್ತು, ಅವುಗಳಲ್ಲಿ ಒಂದನ್ನು ಹುಡುಕುವುದು ಎಲ್ಲಿಂದ? ನನಗೆ ದಿಕ್ಕೇ ತೋಚದೆ, ಊಟಕ್ಕಾದರೂ ಆದೀತೆಂದು ಅಕ್ಕೋರನ್ನು ನಮ್ಮ ಮನೆಗೆ ಕರೆದೊಯ್ದೆ. ನಮ್ಮ ಅಪ್ಪ ಅಂಗಡಿಯ ಗಾದಿಯಿಂದಲೇ ಸಂಗತಿ ಕೇಳಿದ. ಆಮೇಲೆ ನನ್ನನ್ನು ನೋಡಿದ ನೋಟ ನಾನು ಇವತ್ತಿಗೂ ಮರೆತಿಲ್ಲ.

"ಕೊಂಕಲ್ಲಿನವ್ರೇನು? ಹೋದ ವಾರ ಅವರ ಹಿರ್ಯಾ ಇದೇ ಕಟ್ಟಿ ಮ್ಯಾಲ ಕುಂತು ಚಾ ಕುಡದು, ಉಪ್ಪು ಬೆಲ್ಲ ಒಯ್ದಾನ. ಹಳ್ಳದ ಆಚಿ ಗೌಡರ ಹೊಲದಾಗ ಕುರಿ ತರುಬಿ ಹಟ್ಟಿ ಹಾಕ್ಯಾರ. ನೀ ಅಲ್ಲಿ ಕುಂತು ಯಾರೂ ಇಲ್ಲ ಅಂತ ಬರದಿ?"

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಅವ್ವನ ಎದುರಿಗೂ ನಕ್ಕರು. ಆ ನಗುವಿನಲ್ಲಿ ಚುಚ್ಚು ಇರಲಿಲ್ಲವಾದರೂ ನಾನು ಎರಡನೆಯ ರೊಟ್ಟಿ ಬಿಟ್ಟು ಕೈ ತೊಳೆದೆ.

ಶನಿವಾರ ಹೊತ್ತು ಏರುವ ಮೊದಲೇ ಗೌಡರ ಹೊಲ ಸೇರಿದೆವು. ಮಾಳವ್ವ ದೂರದಿಂದಲೇ ನಾಯಿಯ ಹೆಸರು ಹಿಡಿದು ಕೂಗಿದಳು. ನಾಯಿ ಮೊದಲು ಬಂತು, ಅದರ ಹಿಂದೆ ಆಯಿ ಬಂದಳು. ಎತ್ತರದ ಮುದುಕಿ, ಕೈಯಲ್ಲಿ ಕೋಲು. ಮೊಮ್ಮಗಳ ಹಣೆಯ ಗಾಯ ನೋಡಿ ಕೋಲನ್ನು ನೆಲಕ್ಕೆ ಒಗೆದು ಕೂತುಬಿಟ್ಟಳು. "ಕುಂಟ ಮಗಾ ಒಬ್ಬನ ಆಗತಾನ, ಒಂದ್ ತಂಬಿಗಿ ನೀರು ಕೊಡಾಕರ ಇರ್ಲಿ ಅಂತ ಬಿಟ್ಟು ಬಂದಿದ್ನೆವಾ. ನಾನ ಬಿಟ್ಟು ಬಂದೆ" ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಅಕ್ಕೋರು ಆ ಕೈ ಹಿಡಿದುಕೊಂಡು, "ಹೊಡಿಯೂದು ಸಾಕವಾ. ಕೂಸು ನೋಡಾಕತ್ತದ" ಎಂದರು.

ಭಾನುವಾರ ಮೊದಲ ಬಸ್ಸಿಗೆ ಮಾವ ಬಂದ. ಅದೇ ಬಸ್ಸಿನಲ್ಲಿ ತಂದೆಯೂ ಬಂದಿದ್ದ, ಇಬ್ಬರೂ ದಾರಿಯುದ್ದಕ್ಕೂ ಒಂದು ಮಾತೂ ಆಡದೆ. ತಂದೆ ಅಂದು ಕುಡಿದಿರಲಿಲ್ಲ. ಗೌಡರ ಹೊಲದ ಬೇವಿನ ಮರದ ಕೆಳಗೆ ಅಕ್ಕೋರು ತಮ್ಮ ಕರಿ ಕಂಬಳಿ ಹಾಸಿದರು. ಅದರ ಗುಟ್ಟು ನನಗೆ ತಿಳಿದದ್ದು ಅಂದೇ. ಕುರುಬರಲ್ಲಿ ಕಂಬಳಿಯ ಮೇಲೆ ಕೂತು ಆಡಿದ ಮಾತಿಗೆ ತೂಕ ಹೆಚ್ಚು, ಯಾರೂ ಹಗುರಾಗಿ ಆಡುವುದಿಲ್ಲ. ಆಯಿ, ದೊಡ್ಡಪ್ಪ, ಮಾವ ಕೂತರು. ತಂದೆ ಕಂಬಳಿಯ ಆಚೆ ಮಣ್ಣಿನಲ್ಲಿ ಕೂತ. ಮಾಳವ್ವನನ್ನು ಅಕ್ಕೋರು ಆಯಿಯ ಪಕ್ಕ, ಕಂಬಳಿಯ ನಡುವೆ ಕೂರಿಸಿದರು.

"ಸರಕಾರದ ಮಾತು ಮೂರ ಅದಾವ" ಎಂದರು. "ಈ ಕೂಸಿನ ಮೈಮ್ಯಾಲ ಇನ್ನೊಂದು ಬಾಸುಂಡಿ ಏಳಬಾರದು. ಇಕಿ ಸಾಲಿಗಿ ಹೋಗಬೇಕು. ತಿಂಗಳಿಗೊಮ್ಮಿ ನಾ ಬಂದು ನೋಡ್ತೀನಿ, ಯಾರೂ ಬ್ಯಾಡ ಅನಬಾರದು. ಇವು ಮೂರಕ್ಕ ಧಕ್ಕಿ ಬಂದ್ರ ನಾಳಿ ರೈಲು ಹತ್ತಸ್ತೀನಿ, ಮುಲಾಜಿಲ್ಲ. ಉಳದದ್ದೆಲ್ಲಾ ನಿಮ್ಮದು. ಎಲ್ಲಿರಬೇಕು, ಯಾರ ಸಂಗಾಟ ಇರಬೇಕು, ನೀವ ಠರಾಸ್ರಿ. ಕೂಸಿನ್ನೂ ಕೇಳ್ರಿ."

ಇಷ್ಟು ಹೇಳಿ ಎದ್ದು ಹೊರಟೇ ಬಿಟ್ಟರು! ನಾನು ಲೆಕ್ಕಣಿಕೆ ಕಾಗದ ಹಿಡಿದು ಅಲ್ಲೇ ಕೂತಿದ್ದೆ. "ಏಳ್ರಿ ನೀವೂ" ಎಂದು ನನ್ನನ್ನೂ ಎಬ್ಬಿಸಿಕೊಂಡು ನೂರು ಮಾರು ದೂರ, ಕುರಿ ಹಟ್ಟಿಯ ಆಚೆ ಒಂದು ಬಂಡೆಯ ಮೇಲೆ ಹೋಗಿ ಕೂತರು. ನನಗೆ ತಡೆಯಲಾಗಲಿಲ್ಲ.

"ಅಕ್ಕೋರ, ನಾವು ಸರಕಾರದವ್ರು. ನಾವ ಹೊರಗ ಕುಂತ್ರ ಹ್ಯಾಂಗ್ರಿ?"

"ನಾ ಅಲ್ಲಿದ್ರ ಅವ್ರು ನನ್ನ ಮಾರಿ ನೋಡಿ ಮಾತಾಡ್ತಾರ. ಅಕ್ಕೋರಿಗಿ ಏನು ಛಲೋ ಅನಸತದ ಅದನ್ನ ಹೇಳ್ತಾರ. ನಾ ಎದ್ದು ಬಂದ್ರ ಕೂಸಿನ ಮಾರಿ ನೋಡಬೇಕಾಗತದ."

ಬೇವಿನ ಕೆಳಗಿನ ಮಾತು ಏರತೊಡಗಿತು. ಮಾವ ಎದ್ದು ನಿಂತು ತಂದೆಯ ಕಡೆ ಕೈ ಮಾಡಿ ಕೂಗುತ್ತಿದ್ದ. ದೊಡ್ಡಪ್ಪ ನಡುವೆ ನಿಂತ. ತಂದೆ ತಲೆ ತಗ್ಗಿಸಿ ಅಳುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. "ಜಗಳ ಹತ್ಯಾರ್ರಿ, ಹೋಗೋಣು" ಎಂದು ನಾನು ಎದ್ದೆ. ಅಕ್ಕೋರು ನನ್ನ ಧೋತರದ ಚುಂಗು ಹಿಡಿದು ಎಳೆದು ಕೂರಿಸಿದರು.

"ಕೈ ಮಾಡಿದ್ರ ಹೋಗೋಣು. ಬಾಯಿ ಮಾಡಾಕತ್ತಾರ, ಮಾಡ್ಲಿ. ಯಾರೂ ಇಲ್ಲದ ಕೂಸಿನ ಸಲುವಾಗಿ ಯಾರರ ಇಷ್ಟು ಜಗಳಾಡತಾರೇನ್ರಿ?"

ಅಂದು ಆ ಬಂಡೆಯ ಮೇಲೆ, ನಾನು ಕೇಳದಿದ್ದರೂ, ಅವರು ತಮ್ಮ ವಿಷಯ ಹೇಳಿದರು. ಹೇಳಿದ್ದು ಅದೊಂದೇ ಸಲ. ಅವರಿಗೆ ಒಂಬತ್ತು ವರ್ಷವಿದ್ದಾಗ ಗಂಡ ಸತ್ತನಂತೆ. ಗಂಡನ ಮುಖವೂ ನೆನಪಿಲ್ಲ. ಸುರಪುರದ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂತು ಇವರನ್ನು ಹೈದರಾಬಾದಿನ ಒಂದು ಆಶ್ರಮಕ್ಕೆ ಕಳಿಸುವುದೆಂದು ತೀರ್ಮಾನಿಸಿದರು. "ಅಲ್ಲಿ ಓದಿದೆ, ನೌಕರಿ ಸಿಕ್ತು, ಕೆಟ್ಟದ್ದೇನೂ ಆಗಲಿಲ್ಲ" ಎಂದರು. "ಆದ್ರ ನಾ ಬಾಗಲ ಹಿಂದ ನಿಂತಿದ್ದೆ ರೀ. ಒಳಗ ಕರದು, ನೀ ಏನಂತಿ ಅಂತ ಒಬ್ಬರರ ಒಂದ್ ಮಾತು ಕೇಳಿದ್ರ, ನಾ ಹೂಂ ಅಂತಿದ್ದೆನೋ ಏನೋ. ಕೇಳಲಿಲ್ಲ." ನಶ್ಯ ಏರಿಸಿದರು. ಕಣ್ಣಲ್ಲಿ ನೀರು ಬಂದದ್ದು ನಶ್ಯದಿಂದ ಎಂದು ನಾನೂ ನಂಬಿದಂತೆ ಮಾಡಿದೆ.

ಹೊತ್ತು ನೆತ್ತಿಗೆ ಬಂದಾಗ ದೊಡ್ಡಪ್ಪ ಬಂದು ಕರೆದ. ಕೂಸು ಆಯಿಯ ಜೊತೆ ಮಂದೆಯಲ್ಲೇ ಇರಲಿ ಎಂದು ತೀರ್ಮಾನವಾಗಿತ್ತು. ನನಗೆ ಸಮಾಧಾನವಾಯಿತು, ಬರೆದುಕೊಳ್ಳಲು ಹೊರಟೆ. ಅಕ್ಕೋರು ಒಂದೇ ಮಾತು ಕೇಳಿದರು. "ಕುರಿ ಹಿಂದ ತಿರಗಿದ್ರ ಸಾಲಿ?" ದೊಡ್ಡಪ್ಪ ಆಯಿಯ ಮುಖ ನೋಡಿದ, ಆಯಿ ಮಾವನ ಮುಖ ನೋಡಿದಳು. "ಮತ್ತ ಕುಂಡ್ರಿ" ಎಂದು ಹೇಳಿ ವಾಪಸು ಬಂಡೆಗೆ ಬಂದರು. ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು, ನನಗೂ ಹೊಳೆದಿತ್ತು. ಹೇಳಿಬಿಡಿ ಎಂದು ನಾನು ಪೀಡಿಸಿದೆ. ಹೇಳಲಿಲ್ಲ.

ಎರಡನೆಯ ಸಲ ಕೂಗು ಕೇಳಿಸಲಿಲ್ಲ. ಆಮೇಲೆ ತಿಳಿದದ್ದು: ಆಯಿ ಮೊಮ್ಮಗಳನ್ನೇ ಕೇಳಿದ್ದಳು. ಮಾಳವ್ವ, "ಮಾಮಾನ ಮನ್ಯಾಗ ಇರ್ತೀನಿ, ಅಲ್ಲಿ ಸಾಲಿ ಅದ. ಆದ್ರ ಆಯಿ ಬೇಕು" ಎಂದಿದ್ದಳು. ಅದಕ್ಕೇ ಎಲ್ಲರೂ ಬಾಯಿ ಮುಚ್ಚಿದ್ದು. ಮಗನ ತಾಯಿಯಾದವಳು ಸೊಸೆಯ ತವರಿಗೆ, ಬೀಗರ ಮನೆಗೆ ಹೋಗಿ ಉಣ್ಣುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಜನ ಆಡಿಕೊಳ್ಳುತ್ತಾರೆ. ಅದನ್ನು ಮಾಡು ಎಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ, ಸರ್ಕಾರಕ್ಕಂತೂ ಇರಲೇ ಇಲ್ಲ.

ನಾವು ಹೋದಾಗ ಮುದುಕಿ ಎದ್ದು ನಿಂತು ಸೆರಗು ಬಿಗಿದಳು. "ನಲವತ್ತು ವರ್ಷ ಕುರಿ ಕಾದೇನ್ರಿ ಅಕ್ಕೋರ. ತ್ವಾಳ ಬಂದಾಗೂ ಹಿಂದಕ್ಕ ಸರದಾಕಿ ಅಲ್ಲ. ಒಂದ್ ಕೂಸು ಕಾಯಾಕ ಆಗೂದಿಲ್ಲೇನು? ಆಡಕೊಳ್ಳೋರು ಆಡಕೊಳ್ಳಿ. ರಾಮಸಮುದ್ರಕ್ಕ ನಾ ಹೊಂಟೆ" ಎಂದಳು. ಮಾವ ಬಗ್ಗಿ ಅವಳ ಕಾಲು ಮುಟ್ಟಿದ. ಮುಂಜಾನೆಯಿಂದ ಅವಳ ಮಗನ ಮೇಲೆ ಕೂಗಾಡಿದವನು ಅವನೇ.

ತಂದೆಯ ಬಗ್ಗೆಯೂ ಅವರೇ ಒಂದು ಕಟ್ಟಳೆ ಮಾಡಿದ್ದರು. ಅಮಾವಾಸ್ಯೆಗೊಮ್ಮೆ ಮಗಳನ್ನು ನೋಡಲು ಬರಬಹುದು. ಬಂದಾಗ ಹೊರಗಿನ ಕಟ್ಟೆಯ ಮೇಲೆ ಕೂತಿರಬೇಕು. ಆಯಿ ಹೊರಗೆ ಬಂದು ಅವನ ಬಾಯಿ ಮೂಸಿ ನೋಡಿ, ಸೇಂದಿಯ ವಾಸನೆ ಇಲ್ಲದಿದ್ದರೆ ಮಾತ್ರ ಒಳಗೆ ಬಿಡಬೇಕು. ನಾನು ಎಷ್ಟೋ ಕಾಯ್ದೆ ಕಾನೂನುಗಳನ್ನು ಉರ್ದುವಿನಿಂದ ಕನ್ನಡಕ್ಕೆ ಇಳಿಸಿದ್ದೇನೆ. ಇಂಥ ಕಲಮು ಯಾವುದರಲ್ಲೂ ಕಾಣಲಿಲ್ಲ.

ಆ ತಂದೆ ಎದ್ದು ಬಂದು ಅಕ್ಕೋರ ಮುಂದೆ ನಿಂತ. "ನನ್ನ ಕರೀತಾರ ಅಂತ ಅನಕೊಂಡಿದ್ದಿಲ್ರಿ" ಎಂದ, ಅಷ್ಟೆ.

ಸೋಮವಾರ ಬೆಳಗ್ಗೆ ರೈಲು ಬಂದು ಹೋಯಿತು. ಸಾಹೇಬರು ನನ್ನ ಹೊಸ ವರದಿಯನ್ನು ಎರಡು ಸಲ ಓದಿದರು. "ಇದನ್ನೆಲ್ಲ ತೀರ್ಮಾನ ಮಾಡಿದ್ದು ಯಾರು?"

"ಅವರ ಮನಿಯವ್ರು ರೀ" ಎಂದೆ.

"ಆವಾಗ ನೀವು ಏನು ಮಾಡ್ತಿದ್ರಿ?"

"ನಾವು ಹೊರಗ ಕುಂತಿದ್ವಿರಿ ಸಾಹೇಬ್ರ" ಎಂದರು ಅಕ್ಕೋರು.

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು. ಮೂರು ತಿಂಗಳು ನೋಡೋಣ ಎಂದು ಸಹಿ ಹಾಕಿದರು. ನಾನು ಹಳೆಯ ಕಡತ ತೆರೆದು ಲಾವಾರಿಸ್ ಎಂಬ ಪದದ ಮೇಲೆ ಗೆರೆ ಎಳೆದೆ. ಕಾಗದ ಹರಿಯುವಷ್ಟು ಒತ್ತಿದ್ದೆನೆಂದು ಅಕ್ಕೋರು ಆಮೇಲೆ ತಮಾಷೆ ಮಾಡುತ್ತಿದ್ದರು. ಮೂರು ತಿಂಗಳ ಮೇಲೆ ಸಾಹೇಬರೇ ರಾಮಸಮುದ್ರಕ್ಕೆ ಹೋಗಿ ಮಾಳವ್ವ ಪಾಟಿಯ ಮೇಲೆ ಬರೆದದ್ದನ್ನು ನೋಡಿ ಬಂದರು. ಮುಂದಿನ ಪ್ರಕರಣ ಬಂದಾಗ, "ರೀ, ಸಂಬಂಧಿಕರನ್ನ ಸರಿಯಾಗಿ ಹುಡುಕಿದ್ರಾ?" ಎಂದು ಮೊದಲು ಕೇಳಿದವರು ಅವರೇ. ವರ್ಗವಾಗಿ ಹೋಗುವ ಹೊತ್ತಿಗೆ "ಯಾಕ್ರಿ" ಎನ್ನುವುದನ್ನೂ ಕಲಿತಿದ್ದರು.

ಎಲ್ಲ ಮನೆಗಳೂ ಹೀಗೇ ಇದ್ದವೆಂದು ನಾನು ಹೇಳಿದರೆ ಅಕ್ಕೋರು ಮೇಲಿನಿಂದಲೇ ಬೈದಾರು. ಒಂದು ಹಳ್ಳಿಯಲ್ಲಿ ಕಂಬಳಿಯ ಮೇಲೆ ಕೂತು ಕೊಟ್ಟ ಮಾತನ್ನು ಎರಡೇ ತಿಂಗಳಲ್ಲಿ ಮುರಿದರು. ಮಗುವಿನ ಕೈ ಸುಟ್ಟಿತ್ತು. ಅಕ್ಕೋರು ಅಂದೇ ಹೋಗಿ, ಯಾರನ್ನೂ ಕೇಳದೆ, ಮಗುವನ್ನು ಎತ್ತಿಕೊಂಡು ಬಂದು ಆಶ್ರಮಕ್ಕೆ ಸೇರಿಸಿದರು. ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ, "ನಾ ಅವರ ದೊಡ್ಡವ್ವನ್ನ ಕರೀಲಿಲ್ಲ ರೀ. ಅಕಿ ಇದ್ದಿದ್ರ ಹಿಂಗಾಗತಿದ್ದಿಲ್ಲ" ಎಂದರು. ಮತ್ತೆ ಕಂಬಳಿ ಹೆಗಲೇರಿತು.

ನಿವೃತ್ತಿಯ ಮೇಲೆ ಅವರು ಸುರಪುರದಲ್ಲೇ ಒಂದು ಒಂಟಿ ಕೋಣೆ ಹಿಡಿದು ಇದ್ದರು. ನಾನೂ ನಿವೃತ್ತನಾಗಿ ಶಹಾಪುರದಲ್ಲಿದ್ದೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಬಸ್ಸಿನಲ್ಲಿ ಯಾರೋ ಹೇಳಿದರು, ಅಕ್ಕೋರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿದೆ, ಬಿದ್ದು ಆಗಲೇ ಮೂರು ದಿನವಾಯಿತು ಎಂದು. ಅವರಿಗೆ ಯಾರಿದ್ದಾರೆ? ಆಪರೇಷನ್ ಎಂದರೆ ಆಸ್ಪತ್ರೆಯವರು ಸಂಬಂಧಿಕರ ಸಹಿ ಕೇಳುತ್ತಾರೆ. ನಾನೇ ಹಾಕಿದರಾಯಿತು, ತಮ್ಮ ಎಂದು ಬರೆದರಾಯಿತು ಎಂದುಕೊಂಡು ಪೆನ್ನು ಕಿಸೆಗೆ ಸಿಕ್ಕಿಸಿ ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಇಷ್ಟು ಮಕ್ಕಳಿಗೆ ಮನೆ ಹುಡುಕಿದ ಹೆಂಗಸು ಯಾವ ಆಸ್ಪತ್ರೆಯ ಮೂಲೆಯಲ್ಲಿ ಒಬ್ಬರೇ ಬಿದ್ದಿದ್ದಾರೋ ಎಂದು ಸಂಕಟಪಟ್ಟೆ. ನೋಡಿ, ಇಷ್ಟು ವರ್ಷ ಅವರ ಜೊತೆ ತಿರುಗಿದ ಮೇಲೂ ನನ್ನ ತಲೆಯೊಳಗಿನ ನಮೂನೆ ಬದಲಾಗಿರಲಿಲ್ಲ.

ಓಣಿಯಲ್ಲಿ ಹೋಗುವಾಗಲೇ ಪಕ್ಕದ ಮನೆಯ ಹೊಸ ಬಾಡಿಗೆಯಾಕೆ ಹೊರಗೆ ಬಂದಳು. "ಅಕ್ಕೋರ ಮನಿಗೇನ್ರಿ? ಮೊನ್ನಿ ಒಬ್ಬಾಕಿ ಹೆಣ್ಮಗಳು, ನಾಕೈದು ಮಂದಿ ಕರಕೊಂಡು ಟೆಂಪೋ ತಗೊಂಡು ಬಂದಿದ್ಳು. ಯಾರೋ ಏನೋ. ಎಲ್ಲಾರೂ ಕಂಬಳಿ ಹಾಸಿ ಕುಂತು ತಾಸುಗಟ್ಟಲೆ ಮಾತಾಡಿದ್ರು. ಅಕ್ಕೋರು ಮಲಗಿದ್ದಲ್ಲಿಂದನ, ನನ್ನ ಹೊರಗ ಇಡ್ರಿ, ನೀವು ಮಾತಾಡ್ರಿ ಅಂದ್ರು. ಆ ಹೆಣ್ಮಗಳು ಏನು ಜೋರು ಅಂತೀರಿ, ಯಾರ ಮಾತು ನಡದದ ಅವ್ರು ಕಂಬಳಿ ನಡಬರಕ ಇರಬೇಕು ಅಂತ ನೀವ ಕಲಿಸೀರಿ, ಸುಮ್ನ ಮಲಗ್ರಿ ಅಂದ್ಳು. ಆಮ್ಯಾಲ ದವಾಖಾನಿಗಿ ಎತ್ತಿಕೊಂಡು ಹೋದ್ರು."

"ಆಕೀ ಹಣಿ ಮ್ಯಾಲ ಒಂದು ಕಲಿ ಇತ್ತೇನವಾ?"

"ಇತ್ರಿ, ಉದ್ದನ್ನ ಕಲಿ. ನಿಮಗ ಹ್ಯಾಂಗ ಗೊತ್ತು?" ಎಂದವಳು, ಅನುಮಾನದಿಂದ ದನಿ ತಗ್ಗಿಸಿದಳು. "ಅಲ್ರಿ, ಅಕ್ಕೋರಿಗಿ ಅಂತ ತಮ್ಮವ್ರು ಯಾರೂ ಇಲ್ಲಂತ. ಬೀಗ ಸೈತ ಹಾಕದ ಹೋಗ್ಯಾರ ನೋಡ್ರಿ. ಇನ್ನ ಬರಾಂಗಿಲ್ಲ ಅನಸತದ. ಮನಿ ಖಾಲಿ ಬಿದ್ದದ."

ನಾನು ಕೋಣೆಯ ಮುಂದೆ ಹೋಗಿ ನಿಂತೆ. ಬಾಗಿಲಿಗೆ ಅಡ್ಡವಾಗಿ, ಹೊಸದಾಗಿ ಕಡಿದು ತಂದ ಒಂದು ಜಾಲಿಯ ಮುಳ್ಳುಕಂಟಿ ಇತ್ತು. ಎಲೆಗಳಿನ್ನೂ ಹಸಿರಾಗಿದ್ದವು. ನಾನು ಕಟ್ಟೆಯ ಮೇಲೆ ಕೂತು, ಪರ ಹೆಣ್ಣುಮಗಳು ನೋಡುತ್ತಿದ್ದಾಳೆಂಬ ಪರಿವೆಯೂ ಇಲ್ಲದೆ, ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದೆ:

"ಖಾಲಿ ಮನಿಗಿ ಯಾರು ಕಂಟಿ ಹಚ್ಚತಾರವಾ?"

ತಿಂಗಳು ತುಂಬುವುದರೊಳಗೆ ಆ ಕಂಟಿಯನ್ನು ಬಾಗಿಲಿನಿಂದ ಎತ್ತಿ ಪಕ್ಕಕ್ಕೆ ಇಟ್ಟವರು ಅಕ್ಕೋರೇ. ಇನ್ನೊಂದು ಕೈ ಮಾಳವ್ವನ ಹೆಗಲ ಮೇಲಿತ್ತು.